ಬಯಲು ಬಂಜರಲ್ಲ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೂರ್ವದಂಚಿನ ಜತ್ತ ತಾಲ್ಲೂಕಿನಲ್ಲಿ ಒಂದೇ ನೆಲಕ್ಕೆ ಎರಡು ಬಗೆಯ ಹೆಸರುಗಳಿವೆ. ಉಮದಿ, ಸಂಖ, ಗುಡ್ಡಾಪುರದ ಕಡೆಯ ಕನ್ನಡ ಮನೆಗಳಲ್ಲಿ ಅದು ಬಯಲು, ಮಡ್ಡಿ, ಮಾಳ. ಕಂದಾಯದ ಸಾತ್‌ಬಾರಾ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅದೇ ನೆಲ ಪಡ, ಪೋಟಖರಾಬ: ಬೀಳುಬಿದ್ದದ್ದು, ಸಾಗುವಳಿಗೆ ಬಾರದ್ದು. ಸರಕಾರಿ ಯೋಜನೆಗಳ ಮಾತಿನಲ್ಲಿ ಬಂಜರು. ಸಹ್ಯಾದ್ರಿಯ ಮಳೆನೆರಳಿನಲ್ಲಿ, ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಎತ್ತರದ ಒಣನೆಲದಲ್ಲಿ ಹರಡಿರುವ ಈ ಊರುಗಳಲ್ಲಿ ಬೇಸಿಗೆ ಬಂತೆಂದರೆ ಎರಡನೆಯ ಬಗೆಯ ಹೆಸರೇ ನಿಜವೆನಿಸತೊಡಗುತ್ತದೆ. ಹುಲ್ಲು ಒಣಗಿ ಬೂದಿಬಣ್ಣಕ್ಕೆ ತಿರುಗಿರುತ್ತದೆ, ಬೋರ ನದಿಯ ಪಾತ್ರದಲ್ಲಿ ಮರಳು ಕಾದಿರುತ್ತದೆ, ಅಲ್ಲೊಂದು ಇಲ್ಲೊಂದು ಜಾಲಿ, ಬನ್ನಿ, ಬಾರಿ ಗಿಡ ಬಿಟ್ಟರೆ ಕಣ್ಣಿಗೆ ಆಸರೆಯೇ ಇರುವುದಿಲ್ಲ. ಇಂಥ ನೆಲದ ಮೇಲೆ ಮೇ ತಿಂಗಳ ಬೆಳಗಿನಲ್ಲಿ ಹಕ್ಕಿ, ಪಾತರಗಿತ್ತಿಗಳನ್ನು ಹುಡುಕುತ್ತ ನಡೆಯುವುದು ಹವ್ಯಾಸಿಗಳ ಕಾಲಕ್ಷೇಪವೆಂದು ಹಲವರು ತಿಳಿದಾರು. ಆದರೆ ಆ ನಡಿಗೆಯೊಳಗೆ ಧರ್ಮಕ್ಕೆ ಸೇರಿದ ಒಂದು ಹಳೆಯ ಪ್ರಶ್ನೆ ಅಡಗಿದೆ: ಬರಿದು ಎಂಬುದು ನೆಲದಲ್ಲಿದೆಯೋ, ನೋಡುವವರ ಕಣ್ಣಿನಲ್ಲಿದೆಯೋ? ಇದು ಬರಿಯ ತರ್ಕದ ಆಟವಾಗಿ ಉಳಿಯುವುದಿಲ್ಲ. ಯಾವುದನ್ನು ನಾವು ಬರಿದೆನ್ನುತ್ತೇವೆಯೋ ಅದಕ್ಕೆ ನಮ್ಮಿಂದ ಸಲ್ಲಬೇಕಾದ್ದು ಏನೂ ಇಲ್ಲವೆಂದುಕೊಳ್ಳುತ್ತೇವೆ. ಯಾರೂ ಇಲ್ಲದ ಮನೆಯ ಬಾಗಿಲು ಒಡೆದರೆ ಪಾಪವೇನು ಎಂಬಂತೆ, ಏನೂ ಇಲ್ಲದ ನೆಲಕ್ಕೆ ಏನು ಮಾಡಿದರೂ ನಡೆದೀತು ಎಂಬ ಧೈರ್ಯ ಅಲ್ಲಿಂದಲೇ ಹುಟ್ಟುತ್ತದೆ.

ಕನ್ನಡಿಗರಿಗೆ ಈ ಪ್ರಶ್ನೆಯ ಭಾರ ಹೆಚ್ಚು. ಬಯಲು ಎಂಬ ನಮ್ಮ ಮಾತಿಗೆ ತೆರೆದ ನೆಲ ಎಂಬ ಅರ್ಥವೂ ಇದೆ, ಪರಮಸತ್ಯ ಎಂಬ ಅರ್ಥವೂ ಇದೆ. 12ನೇ ಶತಮಾನದ ಶರಣರು, ಅವರಲ್ಲೂ ಅಲ್ಲಮಪ್ರಭು, ಸಾಧನೆಯ ಕೊನೆಯ ನಿಲುವನ್ನು ಹೇಳಲು ಆರಿಸಿಕೊಂಡದ್ದು ಇದೇ ಪದವನ್ನು. ಶೂನ್ಯ, ನಿರಾಕಾರ ಮುಂತಾದ ಸಂಸ್ಕೃತ ಶಬ್ದಗಳು ಅವರ ಕೈಯಲ್ಲೇ ಇದ್ದವು. ಅವನ್ನು ಬಳಸಿದರು ಕೂಡ. ಆದರೂ ದನ ಮೇಯಿಸುವವರ, ಹೊಲಕ್ಕೆ ಹೋಗುವವರ ಬಾಯಿಯ ಮಾತೊಂದನ್ನು ಎತ್ತಿ ತತ್ವದ ನೆತ್ತಿಯ ಮೇಲಿಟ್ಟರು. ಇದರ ಹಿಂದೆ ಒಂದು ಭೂಗೋಳವೂ ಇದೆ. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮುನ್ನ ಇದ್ದರೆಂದು ಪರಂಪರೆ ಹೇಳುವ ಮಂಗಳವೇಢೆ ಜತ್ತದ ಉತ್ತರಕ್ಕೆ ಹತ್ತಿರದಲ್ಲೇ ಇದೆ; ಸಿದ್ಧರಾಮರ ಸೊನ್ನಲಿಗೆ ಇಂದಿನ ಸೊಲ್ಲಾಪುರ; ದಾನದಿಂದಲೇ ಹೆಸರಾದ ಶರಣೆ ದಾನಮ್ಮನ ಗುಡಿ ಈ ತಾಲ್ಲೂಕಿನದೇ ಆದ ಗುಡ್ಡಾಪುರದಲ್ಲಿದೆ. ಕಾಡಿನ ಕತ್ತಲೆಯಲ್ಲಿ ದೇವರನ್ನು ಅರಸಿದ ನಾಡುಗಳುಂಟು, ಹಿಮದ ಶಿಖರಗಳಲ್ಲಿ ಅರಸಿದವುಂಟು. ಈ ಸೀಮೆಯ ಜನರ ಕಣ್ಣ ಮುಂದೆ ಇದ್ದದ್ದು ಬಯಲು. ಹಾಗೆಂದು ಒಂದು ಪದದ ಎರಡು ಅರ್ಥಗಳನ್ನು ಹಿಡಿದುಕೊಂಡು ನೆಲದ ಬಗ್ಗೆ ತೀರ್ಪು ಕೊಡಲು ಬಾರದು. ಅಲ್ಲಮರ ಬಯಲು ಅರಿವಿನ ನೆಲೆ, ಉತಾರದಲ್ಲಿ ಅಳತೆಯಾಗುವ ಎಕರೆಯಲ್ಲ. ಪದದ ಬಲದಿಂದ ನೆಲವನ್ನು ಪವಿತ್ರವೆಂದು ಸಾಧಿಸಿದರೆ ಅದು ಶಬ್ದದ ಚಮತ್ಕಾರವಾದೀತೇ ಹೊರತು ಸಾಕ್ಷಿಯಾಗದು. ಸಾಕ್ಷಿಯನ್ನು ನೆಲದಿಂದಲೇ ಕೇಳಬೇಕು. ಅದನ್ನೂ ಹಸಿರು ಉಕ್ಕುವ ಶ್ರಾವಣದಲ್ಲಿ ಕೇಳಿದರೆ ಸುಲಭದ ಉತ್ತರ ಸಿಕ್ಕೀತು. ಬರಿದೆಂಬ ಆರೋಪ ಗಟ್ಟಿಯಾಗಿ ಕೇಳಿಬರುವ ಬೇಸಿಗೆಯಲ್ಲೇ ಕೇಳಬೇಕು.

ಬೇಸಿಗೆಯ ಬೆಳಗಿನ ಜಾವ ಮಡ್ಡಿಯ ಮೇಲೆ ನಡೆದವರಿಗೆ ಮೊದಲು ಎದುರಾಗುವುದು ಟಿಟ್ಟಿಭದ ಕೂಗು. ಕಣ್ಣಿನ ಬಳಿ ಹಳದಿ ಜೋಲುಚರ್ಮವಿರುವ ಟಿಟ್ಟಿಭ ಒಣನೆಲದ್ದೇ ಹಕ್ಕಿ. ಮಳೆಗಾಲಕ್ಕೆ ಮುಂಚಿನ ಸುಡುಬಿಸಿಲೇ ಅದರ ಬಾಣಂತನದ ಕಾಲ. ಗೂಡು ಕಟ್ಟುವ ಗೋಜಿಗೆ ಹೋಗದೆ ಕಲ್ಲುಗಳ ನಡುವಿನ ತಗ್ಗಿನಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಗೂ ಕಲ್ಲಿಗೂ ಬಣ್ಣದಲ್ಲಿ ವ್ಯತ್ಯಾಸವೇ ಕಾಣದು. ನೆತ್ತಿಯ ಮೇಲೆ ಬಿಸಿಲು ಏರಿದಾಗ ತಾಯಿ ತಂದೆ ಸರದಿಯಲ್ಲಿ ನೆರಳು ಕೊಟ್ಟು ನಿಲ್ಲುತ್ತವೆ, ನೀರಿದ್ದಲ್ಲಿಗೆ ಹೋಗಿ ಎದೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತವೆ. ನೆಲಗುಬ್ಬಿ ಹುಲ್ಲಿನ ಬುಡದಲ್ಲೋ ಹೆಂಟೆಯ ನೆರಳಲ್ಲೋ ಬಟ್ಟಲಿನಷ್ಟು ಜಾಗದಲ್ಲಿ ಸಂಸಾರ ಹೂಡುತ್ತದೆ. ಗಂಡು ಮುಗಿಲಿಗೆ ಏರಿ, ರೆಕ್ಕೆ ಮುಚ್ಚಿ ಸಿಳ್ಳು ಹಾಕುತ್ತ ಧುಮುಕಿ, ಮತ್ತೆ ಮೇಲೆದ್ದು ಮತ್ತೆ ಧುಮುಕುತ್ತದೆ. ಇಂಡಿಯನ್ ಕೋರ್ಸರ್ ಉದ್ದ ಕಾಲುಗಳಲ್ಲಿ ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ಬಾಗಿ ಹುಳ ಹೆಕ್ಕುತ್ತದೆ. ನೋಡಲು ಪಾರಿವಾಳದಂತಿರುವ ಸ್ಯಾಂಡ್‌ಗ್ರೌಸ್ ಕುಲದ ಗಂಡುಹಕ್ಕಿಯ ಹೊಟ್ಟೆಯ ಗರಿಗಳು ನೀರು ಹೀರಿ ಹಿಡಿದಿಡುವಂಥವು. ಅದು ದೂರದ ಕುಂಟೆಯಲ್ಲಿ ಗರಿ ತೋಯಿಸಿಕೊಂಡು ಹಾರಿ ಬಂದು ಮರಿಗಳಿಗೆ ನೀರುಣಿಸುತ್ತದೆ. 1896ರಲ್ಲಿ ಇಂಗ್ಲೆಂಡಿನ ಮೀಡ್-ವಾಲ್ಡೊ ತಾನು ಸಾಕಿದ ಹಕ್ಕಿಗಳಲ್ಲಿ ಇದನ್ನು ಕಂಡು ಬರೆದಾಗ ಬಹಳ ಕಾಲ ಪಂಡಿತರು ನಂಬಲಿಲ್ಲ. 1967ರಲ್ಲಿ ಕೇಡ್ ಮತ್ತು ಮೆಕ್ಲೀನ್ ಆಫ್ರಿಕದ ಕಲಹಾರಿಯಲ್ಲಿ ಅಳೆದು ತೋರಿಸಿದ ಮೇಲೆ ಒಪ್ಪಿದರು. ಈ ಹಕ್ಕಿಗಳು ಬೇರೆ ಗತಿಯಿಲ್ಲದೆ ಬಯಲಿಗೆ ಬಂದು ಬಿದ್ದವಲ್ಲ. ನಾಲ್ಕು ದಿಕ್ಕಿನಿಂದ ಬರುವ ಶತ್ರುವನ್ನು ದೂರದಿಂದಲೇ ಕಾಣಬೇಕು, ಓಡಲು ಜಾಗ ಬೇಕು, ನೆಲದಲ್ಲಿ ಮೊಟ್ಟೆ ಮರೆಯಾಗಬೇಕು. ನಾವು ಕೊರತೆ ಎನ್ನುವ ತೆರವೇ ಅವುಗಳ ಬದುಕಿನ ಆಧಾರ.

ಪಾತರಗಿತ್ತಿಗಳ ಸಾಕ್ಷ್ಯ ಇನ್ನೂ ಸೂಕ್ಷ್ಮ. ಎಲ್ಲ ಒಣಗಿದ ಮೇಲೂ ಹೂ ಬಿಡುವ ಎಕ್ಕೆಯನ್ನು ನೋಡಬೇಕು. ಹನುಮಪ್ಪನಿಗೆ ಅದರ ಹೂವಿನ ಮಾಲೆ ಹಾಕುವವರಿಗೂ ಅದರ ಹಾಲು ವಿಷವೆಂದು ಗೊತ್ತು. ಕಿತ್ತಳೆ ಬಣ್ಣದ, ರೆಕ್ಕೆಯಂಚು ಕಪ್ಪಾದ ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳು ಆ ಎಲೆಯನ್ನೇ ತಿಂದು, ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಂಡು ಬೆಳೆಯುತ್ತದೆ. ಒಮ್ಮೆ ಅದರ ರುಚಿ ಕಂಡ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಎಲ್ಲರೂ ಬಿಟ್ಟ ಗಿಡವೇ ಇದಕ್ಕೆ ಅನ್ನವೂ ಕವಚವೂ ಆಗಿದೆ. ಕ್ಯಾಪಾರಿಸ್ ಜಾತಿಯ ಮುಳ್ಳುಕಂಟಿಗಳನ್ನು ನೆಚ್ಚಿಕೊಂಡ, ರೆಕ್ಕೆಯ ತುದಿಗೆ ಕೆಂಪು ಕಿತ್ತಳೆ ಬಳಿದುಕೊಂಡ ಬಿಳಿ ಚಿಟ್ಟೆಗಳು ಒಣನಾಡಿನದೇ ಮಕ್ಕಳು. ಕೆಲವು ಜಾತಿಗಳು ಮಳೆಗಾಲದಲ್ಲಿ ಒಂದು ರೂಪ, ಬೇಸಿಗೆಯಲ್ಲಿ ಇನ್ನೊಂದು ರೂಪ ತಾಳುತ್ತವೆ. ಹಸಿರಿದ್ದಾಗ ರೆಕ್ಕೆಯ ಕೆಳಗಿದ್ದ ಕಣ್ಣಿನಂಥ ಚಿತ್ರಗಳು ಬರದ ದಿನಗಳಲ್ಲಿ ಹುಟ್ಟಿದವುಗಳಲ್ಲಿ ಅಳಿಸಿಹೋಗಿ, ಮುಚ್ಚಿದ ರೆಕ್ಕೆ ತರಗೆಲೆಯಂತೆ ಕಾಣುತ್ತದೆ. ಭಾರತದ ಅತಿ ಪುಟ್ಟ ಚಿಟ್ಟೆಯೆನಿಸಿದ ಗ್ರಾಸ್ ಜ್ಯುವೆಲ್ ಉಗುರಿನಷ್ಟೇ ಇದ್ದು, ಹುಲ್ಲಿನೆತ್ತರಕ್ಕಿಂತ ಮೇಲೆ ಹಾರುವುದೇ ಅಪರೂಪ. ಜಾಲಿಯ ಚಿಗುರು ತಿನ್ನುವ ಪುಟ್ಟ ನೀಲಿ ಚಿಟ್ಟೆಗಳ ಮರಿಹುಳುಗಳ ಸುತ್ತ ಇರುವೆಗಳು ಕಾವಲು ನಿಲ್ಲುತ್ತವೆ. ಮರಿಹುಳು ಸಿಹಿರಸ ಕೊಡುತ್ತದೆ, ಇರುವೆ ಅದರ ಶತ್ರುಗಳನ್ನು ಓಡಿಸುತ್ತದೆ. ಹತ್ತಿರ ಬಾಗದವರಿಗೆ ಇದಾವುದೂ ಇಲ್ಲ. ಬಾಗಿದವರಿಗೆ, ಇಲ್ಲವೆಂಬುದು ಎಷ್ಟು ಅವಸರದ ಮಾತಾಗಿತ್ತೆಂದು ತಿಳಿಯುತ್ತದೆ.

ಇಲ್ಲಿ ಒಬ್ಬರು ಹೇಳಬಹುದು: ಜೀವಿಗಳು ಇರಬಹುದು, ಆದರೆ ಈ ನೆಲ ಮೊದಲು ದಟ್ಟ ಕಾಡಾಗಿತ್ತು, ಮನುಷ್ಯರು ಕಡಿದು ಮೇಯಿಸಿ ಹಾಳುಮಾಡಿದ್ದರಿಂದ ಹೀಗಾಯಿತು; ಹಾಳಾದ ಕಾಡನ್ನು ಹುಲ್ಲುಗಾವಲೆಂದು ಹೊಗಳುವುದೇಕೆ? ಕೆಲವು ಕಡೆ ಹಾಗಾಗಿರುವುದು ಸುಳ್ಳಲ್ಲ. ಆದರೆ ದಖ್ಖನ್ನಿನ ಒಣನೆಲದ ಬಗ್ಗೆ ಒಟ್ಟಾಗಿ ಹೀಗೆ ಹೇಳಲು ಬರುವುದಿಲ್ಲ. ಬಿಸಿಲುನಾಡಿನ ಹುಲ್ಲುಗಳು ದಕ್ಷಿಣ ಏಷ್ಯಾದಲ್ಲಿ ಹರಡತೊಡಗಿದ್ದು ಸುಮಾರು 80 ಲಕ್ಷದಿಂದ 60 ಲಕ್ಷ ವರ್ಷಗಳ ಹಿಂದೆ. ಕೊಡಲಿ ಹಿಡಿದ ಮನುಷ್ಯ ಆಗ ಇರಲೇ ಇಲ್ಲ. ಹತ್ತಿರದ ಚರಿತ್ರೆಗೂ ಸಾಕ್ಷಿಗಳಿವೆ. 2025ರಲ್ಲಿ ಆಶಿಶ್ ನೇರ್ಲೇಕರ್ ಮತ್ತು ದಿಗ್ವಿಜಯ ಪಾಟೀಲ್ ಪ್ರಕಟಿಸಿದ ಅಧ್ಯಯನ ಪಶ್ಚಿಮ ಮಹಾರಾಷ್ಟ್ರದ ಹಳೆಯ ಮರಾಠಿ ಹಾಡು, ಸಂತಚರಿತ್ರೆ, ಪುರಾಣಕಥೆಗಳಲ್ಲಿ ಬರುವ ಗಿಡಮರಗಳ ಹೆಸರುಗಳನ್ನು ಆಯ್ದು ನೋಡಿತು. ಸುಮಾರು 750 ವರ್ಷಗಳ ಹಿಂದಿನ ಬರಹಗಳಿಂದಲೂ ಕಂಡದ್ದು ಹೆಚ್ಚಾಗಿ ಬೆಳಕು ಬಯಸುವ, ಮುಳ್ಳಿನ, ಬಯಲಿನ ಗಿಡಗಳೇ. ಅಂದರೆ ಶರಣರ ಕಾಲದ ಆಸುಪಾಸಿನಲ್ಲೂ ಇದು ಬಯಲುಸೀಮೆಯೇ. ಹುಲ್ಲು ಸತ್ತಂತೆ ಕಾಣುವುದೂ ಮೇಲಿನ ನೋಟ. ಮರ ತನ್ನ ಸಂಪತ್ತನ್ನು ಎತ್ತರದಲ್ಲಿ ಇಟ್ಟರೆ ಹುಲ್ಲು ಬೇರಿನಲ್ಲಿ ಇಡುತ್ತದೆ. ಬಿಸಿಲು, ಬೆಂಕಿ, ಕುರಿಯ ಬಾಯಿ ಇವೆಲ್ಲ ಮುಟ್ಟುವುದು ಮೇಲಿನ ಗರಿಯನ್ನು ಮಾತ್ರ. ಜೀವ ನೆಲದೊಳಗೆ ಕಾದಿರುತ್ತದೆ, ಮೊದಲ ಮಳೆಗೆ ಒಂದೇ ವಾರದಲ್ಲಿ ತಲೆ ಎತ್ತುತ್ತದೆ. ಮಣ್ಣಿನಲ್ಲಿ ಇಂಗಾಲವನ್ನು ಹಿಡಿದಿಡುವ ಕೆಲಸವನ್ನೂ ಆ ಬೇರುಗಳು ಸದ್ದಿಲ್ಲದೆ ಮಾಡುತ್ತಿರುತ್ತವೆ.

ಕಣ್ಣಿನ ತಪ್ಪು ಕಾಗದಕ್ಕೆ ಏರಿದಾಗ ಅದಕ್ಕೆ ಕೈಕಾಲು ಬರುತ್ತದೆ. ಇಂಗ್ಲಿಷರ ಕಂದಾಯ ಪದ್ಧತಿಯಲ್ಲಿ ತೆರಿಗೆ ಕೊಡದ ನೆಲವೆಲ್ಲ ವ್ಯರ್ಥ ನೆಲ. ಸ್ವಾತಂತ್ರ್ಯದ ನಂತರವೂ ಆ ಲೆಕ್ಕ ಹೋಗಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ನೆರವಿನಿಂದ 2000ದಿಂದ ಹೊರಬರುತ್ತಿರುವ ದೇಶದ ಬಂಜರು ಭೂಮಿಗಳ ನಕ್ಷಾಸಂಪುಟದಲ್ಲಿ ಕುರುಚಲು ನೆಲವೂ ಸೊರಗಿದ ಗೋಮಾಳವೂ ಬಂಜರಿನ ಪಟ್ಟಿಯಲ್ಲೇ ಇವೆ. ಬಂಜರೆಂದ ಮೇಲೆ ಅದನ್ನು ಉದ್ಧರಿಸುವುದೇ ಪುಣ್ಯದ ಕೆಲಸವಾಗುತ್ತದೆ. ರಾಣೆಬೆನ್ನೂರಿನಲ್ಲಿ ಆದದ್ದು ಇದೇ. ಚಿಗರಿ ಮತ್ತು ಎರೆಭೂತ ಹಕ್ಕಿಯ ನೆಲೆಯಾಗಿದ್ದ ಬಯಲಿಗೆ 1974ರಲ್ಲಿ ಅಭಯಾರಣ್ಯವೆಂಬ ಹೆಸರೇನೋ ಬಂತು. ಆದರೆ ನೆಲದ ತುಂಬ ನೀಲಗಿರಿ ನೆಟ್ಟಿದ್ದರಿಂದ ತೆರವು ಮುಚ್ಚಿಹೋಯಿತು. ಚಿಗರಿ ಹೇಗೋ ಉಳಿಯಿತು, ಎರೆಭೂತ ಇಲ್ಲವಾಯಿತು. ಮರಾಠಿಯಲ್ಲಿ ಮಾಳಢೋಕ ಎನ್ನುವ ಈ ಹಕ್ಕಿಗಾಗಿ ಸೊಲ್ಲಾಪುರದ ನಾನ್ನಜದಲ್ಲಿ 1979ರಲ್ಲಿ ಅಭಯಾರಣ್ಯ ಘೋಷಣೆಯಾಯಿತು, ಅಲ್ಲೂ ಈಗ ಅದನ್ನು ಕಾಣುವುದೇ ದುರ್ಲಭ. ಒಂದು ಕಾಲಕ್ಕೆ ದಖ್ಖನ್ನಿನ ಮಾಳಗಳಲ್ಲೆಲ್ಲ ನಡೆದಾಡುತ್ತಿದ್ದ, ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಈ ದೊಡ್ಡ ಹಕ್ಕಿ ಇಂದು ಜಗತ್ತಿನಲ್ಲೇ ಕೆಲವು ನೂರರೊಳಗೆ ಇಳಿದಿದೆ. ಯಾರೂ ದ್ವೇಷದಿಂದ ಅದರ ನೆಲೆಯನ್ನು ಕೆಡಿಸಲಿಲ್ಲ. ಅಲ್ಲಿ ಏನೂ ಇಲ್ಲವೆಂದು ನಂಬಿ ಒಳ್ಳೆಯದನ್ನೇ ಮಾಡಲು ಹೊರಟವರ ಕೈಯಿಂದ ಅದು ನಡೆಯಿತು. ಅದಕ್ಕೇ ನೋಟದ ತಪ್ಪನ್ನು ಅಜ್ಞಾನವೆಂದು ಕ್ಷಮಿಸಿ ಸುಮ್ಮನಾಗಲು ಬರುವುದಿಲ್ಲ. ಅದು ಧರ್ಮದ ತಪ್ಪೂ ಹೌದು.

ಹಾಗಾದರೆ ಸರಿಯಾಗಿ ನೋಡುವುದು ಹೇಗೆ? ಈ ಪ್ರಶ್ನೆಗೆ ಜತ್ತದ ಮಣ್ಣಿನಲ್ಲೇ ಹುಟ್ಟಿದ ಒಂದು ಉತ್ತರವಿದೆ. ಈ ತಾಲ್ಲೂಕಿನ ಉಮದಿಯಲ್ಲಿ 1843ರಲ್ಲಿ ಹುಟ್ಟಿದ ಭಾವೂಸಾಹೇಬ ಮಹಾರಾಜರು ಇಂಚಗೇರಿ ಸಂಪ್ರದಾಯದ ಮೂಲಪುರುಷರು. ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದಿನಲ್ಲಿ ತತ್ವಶಾಸ್ತ್ರ ಕಲಿಸಿ, ನಿಂಬಾಳದಲ್ಲಿ ನೆಲೆಸಿದ ಗುರುದೇವ ರಾನಡೆಯವರು ಇವರ ಶಿಷ್ಯರು. ತಾಸುಗಟ್ಟಲೆ ನಾಮಸ್ಮರಣೆಯಲ್ಲಿ ಕೂರುವ ಭಾವೂಸಾಹೇಬರ ಸಾಧನೆಗೆ ಪಿಪೀಲಿಕಾ ಮಾರ್ಗ, ಎಂದರೆ ಇರುವೆಯ ದಾರಿ ಎಂಬ ಹೆಸರು ಬಂತು. ಅವರದೇ ಶಿಷ್ಯರಾದ, ಸೊಲ್ಲಾಪುರ ಸೀಮೆಯ ಸಿದ್ಧರಾಮೇಶ್ವರ ಮಹಾರಾಜರು ವಿವೇಕದಿಂದ ಒಮ್ಮೆಗೇ ಗುರಿ ಮುಟ್ಟುವ ವಿಹಂಗಮ ಮಾರ್ಗವನ್ನು, ಹಕ್ಕಿಯ ದಾರಿಯನ್ನು ಬೋಧಿಸಿದರು. ಯಾವುದು ಮೇಲು ಎಂಬ ಚರ್ಚೆ ಆ ಪರಂಪರೆಯಲ್ಲಿ ಇಂದಿಗೂ ಉಂಟು. ಬೇಸಿಗೆಯ ಬಯಲಿನ ಸಾಕ್ಷ್ಯವನ್ನು ಕೇಳಿದರೆ ಈ ಎರಡು ದಾರಿಗಳ ನಡುವೆ ನಾವು ಎಳೆದ ಗೆರೆ ಅಷ್ಟು ದಪ್ಪವಲ್ಲ. ನೆಲಗುಬ್ಬಿ ಮುಗಿಲಿಗೆ ನೆಗೆಯುವುದು ನೆಲದಿಂದಲೇ, ಮರಳುವುದೂ ನೆಲಕ್ಕೇ. ನೀಲಿ ಚಿಟ್ಟೆ ರೆಕ್ಕೆ ಪಡೆಯುವ ಮುನ್ನ ಇರುವೆಗಳ ಕಾವಲಿನಲ್ಲಿ ತೆವಳಿರುತ್ತದೆ. ನೋಡಲು ಹೊರಟವರ ಪಾಡೂ ಹೀಗೆಯೇ. ಮೊದಲ ಅರ್ಧ ತಾಸು ಏನೂ ಕಾಣುವುದಿಲ್ಲ. ಹೆಜ್ಜೆ ನಿಧಾನವಾಗಬೇಕು, ಮಾತು ನಿಲ್ಲಬೇಕು, ನಾನು ಕಾಣಬೇಕೆಂದು ಬಂದದ್ದೇ ಕಾಣಲಿ ಎಂಬ ಹಟ ಸಡಿಲವಾಗಬೇಕು. ಆಮೇಲೆ ಕಲ್ಲು ಎಂದುಕೊಂಡದ್ದು ಒಮ್ಮೆಗೇ ಕಣ್ಣು ಪಿಳುಕಿಸುತ್ತದೆ, ಅಲ್ಲೊಂದು ಹಕ್ಕಿ ಕೂತಿರುತ್ತದೆ. ಆ ಕ್ಷಣ ಹಕ್ಕಿಯ ದಾರಿಯದು. ಅಲ್ಲಿಗೆ ಕರೆತಂದದ್ದು ಇರುವೆಯ ತಾಳ್ಮೆ. ಧ್ಯಾನದಲ್ಲಿ ಬೇಕಾಗುವ ಶಿಸ್ತೂ ಇದೇ: ತನ್ನ ಬೇಡಿಕೆಯನ್ನು ಪಕ್ಕಕ್ಕಿಟ್ಟು, ಎದುರಿಗಿರುವುದು ತಾನಾಗಿ ತೋರುವವರೆಗೆ ಕಾಯುವುದು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಜನರ ಬಾಯಾರಿಕೆಯಿಂದ ಬರುವಂಥದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಜತ್ತದ ಪೂರ್ವಭಾಗದ ಸುಮಾರು 40 ಹಳ್ಳಿಗಳು ನೀರಿಗಾಗಿ ಬೇಸತ್ತು 2012ರಲ್ಲಿ ಕರ್ನಾಟಕಕ್ಕೆ ಸೇರುತ್ತೇವೆಂದು ನಿರ್ಣಯ ಮಾಡಿದ್ದವು. 2022ರ ಕೊನೆಯಲ್ಲಿ ಆ ಕೂಗು ಮತ್ತೆ ಎದ್ದು, ಮ್ಹೈಸಾಳ ಏತ ನೀರಾವರಿಯ ನೀರು ಈ ಊರುಗಳಿಗೂ ಬರಬೇಕೆಂಬ ಮಾತು ಎರಡೂ ರಾಜ್ಯಗಳಲ್ಲಿ ಕೇಳಿಬಂತು. ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವರಿಗೆ ಹಕ್ಕಿ ತೋರಿಸುವುದು ಕ್ರೌರ್ಯವಲ್ಲವೇ? ಉತ್ತರಕ್ಕೆ ಸೊನ್ನಲಿಗೆಯ ಸಿದ್ಧರಾಮರನ್ನು ನೆನೆಯಬಹುದು. ಲೋಕಹಿತಕ್ಕಾಗಿ ಕೆರೆ ತೋಡಿಸುತ್ತಿದ್ದ ಅವರ ಬಳಿಗೆ ಅಲ್ಲಮರು ಬಂದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬರುತ್ತದೆ. ಅಲ್ಲಮರು ಕೆರೆಯನ್ನು ಮುಚ್ಚಿಸಲಿಲ್ಲ. ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಕೆರೆ ಇಂದಿಗೂ ಇದೆ. ಅವರು ಕೇಳಿದ್ದು ಮಾಡುವವನ ಒಳಗಿನ ಅರಿವನ್ನು. ಹಾಗೆಯೇ ಬಯಲನ್ನು ನೋಡಿರೆಂಬ ಮಾತು ನೀರು ಬೇಡವೆಂಬ ಮಾತಲ್ಲ. ಕುಡಿಯುವ ನೀರು ಮೊದಲ ಹಕ್ಕು, ಅದರ ಮುಂದೆ ಬೇರೆ ವಾದವಿಲ್ಲ. ನೀರು ತರುವ ಕೈಗೆ ನೆಲದ ಅರಿವೂ ಇರಲಿ ಎಂಬುದಷ್ಟೇ ಇಲ್ಲಿನ ಕೋರಿಕೆ. ಅಲ್ಲದೆ ಬಯಲು ಜನರ ಅನ್ನಕ್ಕೆ ಹೊರತಾದದ್ದೂ ಅಲ್ಲ. ಬಾಗಿದ ಮೂಗಿನ, ಬಿಳಿ ಮೈಮೇಲೆ ಕಂದು ಮಚ್ಚೆಯ ಮಾಡಗ್ಯಾಳ ಕುರಿ ಈ ತಾಲ್ಲೂಕಿನ ಊರಿನ ಹೆಸರನ್ನೇ ಹೊತ್ತಿದೆ. ಬರಗಾಲದಲ್ಲಿ ಬೆಳೆ ಕೈಕೊಟ್ಟಾಗ ಎಷ್ಟೋ ಮನೆಗಳನ್ನು ಹಿಡಿದೆತ್ತುವುದು ಹಟ್ಟಿಯ ಕುರಿಗಳು. ಆ ಕುರಿಗಳನ್ನು ಸಾಕಿದ್ದು ಕಾಗದದಲ್ಲಿ ಬಂಜರೆನಿಸಿಕೊಂಡ ಗಾಯರಾಣ, ಅಂದರೆ ಊರ ಗೋಮಾಳ. ಅದು ಹೋದರೆ ಮೊದಲು ಬೀದಿಗೆ ಬರುವವರು ಹಕ್ಕಿ ನೋಡುವವರಲ್ಲ, ಕುರಿ ಕಾಯುವವರು.

ಎರಡನೆಯ ಆಕ್ಷೇಪ ಧರ್ಮದ ಬಾಯಿಂದಲೇ ಬರುತ್ತದೆ. ಗಿಡ ನೆಡುವುದು ಪುಣ್ಯವೆಂದು ನಮ್ಮ ಹಿರಿಯರು ಹೇಳಿದ್ದಾರೆ, ಸಾಲುಮರ ನೆಟ್ಟವರನ್ನು ತಾಯಿಯೆಂದು ಕೈಮುಗಿದಿದ್ದೇವೆ. ಬಯಲಿನಲ್ಲಿ ಮರ ನೆಡಬೇಡಿ ಎಂದರೆ ಆ ಪುಣ್ಯವನ್ನು ಅಲ್ಲಗಳೆದಂತಲ್ಲವೇ? ದಾನದ ವಿಚಾರ ಬಂದಾಗ ನಮ್ಮ ಶಾಸ್ತ್ರಗಳು ದೇಶ, ಕಾಲ, ಪಾತ್ರ ಎಂಬ ಮೂರನ್ನು ಕೇಳುತ್ತವೆ. ಒಳ್ಳೆಯ ವಸ್ತುವಾದರೂ ತಪ್ಪು ಜಾಗದಲ್ಲಿ, ಬೇಡದವರಿಗೆ ಕೊಟ್ಟರೆ ಅದು ಉತ್ತಮ ದಾನವಾಗುವುದಿಲ್ಲ. ಗುಡ್ಡಾಪುರದ ದಾನಮ್ಮನಿಗೆ ಆ ಹೆಸರು ಬಂದದ್ದು ಹಸಿದವರನ್ನು ಅರಿತು ಕೊಟ್ಟದ್ದಕ್ಕೆ. ಮರಕ್ಕೂ ಈ ಮಾತು ಸಲ್ಲುತ್ತದೆ. ದಾರಿಯ ಬದಿಗೆ ಆಲ, ಊರ ಕಟ್ಟೆಗೆ ಅರಳಿ, ಹೊಲದ ಬದುವಿಗೆ ಬೇವು ನೆಡುವುದು ಪುಣ್ಯವೇ, ಅಲ್ಲಿ ನೆರಳು ಬೇಡುವ ಜೀವಗಳಿವೆ. ಟಿಟ್ಟಿಭ ಮೊಟ್ಟೆಯಿಟ್ಟ ಮಡ್ಡಿಯನ್ನು ಅಗೆದು ಒತ್ತಾಗಿ ಸಸಿ ನೆಟ್ಟರೆ ಬೇಡುವವರೇ ಇಲ್ಲದ ಕಡೆ ದಾನ ಮಾಡಿದಂತೆ. ಅಷ್ಟೇ ಅಲ್ಲ, ಒಬ್ಬರ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಛತ್ರ ಕಟ್ಟಿಸಿದಂತೆ. ಅಹಿಂಸೆಯನ್ನು ಉಸಿರಾಗಿಸಿಕೊಂಡವರು ಹೆಜ್ಜೆ ಇಡುವಾಗ ನೆಲ ನೋಡಿ ಇಡಬೇಕೆಂದರು. ಗುದ್ದಲಿ ಇಡುವಾಗಲೂ ನೆಲ ನೋಡಬೇಕಲ್ಲವೇ?

ಮೂರನೆಯ ಆಕ್ಷೇಪ ತತ್ವದ್ದು. ಬಯಲು ತುಂಬಿದೆ ಎನ್ನುವುದು ಸರಿ, ಆದರೆ ತುಂಬಿರುವುದು ಏನು? ಕಳಿಂಗ ಹಕ್ಕಿ ಹಿಡಿದ ಹುಳುವನ್ನು ಮುಳ್ಳಿಗೆ ಚುಚ್ಚಿಡುತ್ತದೆ, ತೋಳ ಕುರಿಮರಿಯನ್ನು ಎತ್ತಿಕೊಂಡು ಹೋಗುತ್ತದೆ. ಮಳೆಹನಿಯ ಹೊರತು ಬೇರೆ ನೀರು ಮುಟ್ಟದ ಏಕನಿಷ್ಠ ಭಕ್ತಿಗೆ ಕವಿಗಳು ರೂಪಕವಾಗಿಸಿದ ಚಾತಕವನ್ನೇ ತೆಗೆದುಕೊಳ್ಳಿ. ಮುಂಗಾರಿನ ಮುನ್ನ ಬಯಲಿಗೆ ಬರುವ ಆ ಕರಿಬಿಳಿ ಹಕ್ಕಿ ತನ್ನ ಮೊಟ್ಟೆಯನ್ನು ಹರಟೆಮಲ್ಲ ಹಕ್ಕಿಯ ಗೂಡಿನಲ್ಲಿ ಕದ್ದು ಇಡುತ್ತದೆ, ಮರಿ ಸಾಕುವ ಭಾರವನ್ನು ಅದರ ಮೇಲೆ ಹೊರಿಸುತ್ತದೆ. ಇದರಲ್ಲಿ ದೈವವನ್ನು ಕಾಣುವುದು ಭಾವುಕತೆಯಲ್ಲವೇ? ಪ್ರಕೃತಿ ಕರುಣಾಮಯಿ ಎಂದು ಸಾಧಿಸಲು ಹೊರಟಿದ್ದರೆ ಈ ಆಕ್ಷೇಪಕ್ಕೆ ಸೋಲಲೇಬೇಕಿತ್ತು. ಇಲ್ಲಿನ ವಾದ ಅದಲ್ಲ. ತುಂಬಿದೆ ಎನ್ನುವುದಕ್ಕೂ ಸಾತ್ವಿಕವಾಗಿದೆ ಎನ್ನುವುದಕ್ಕೂ ಅಂತರವಿದೆ. ಬಯಲು ನಮಗೆ ನೀತಿಪಾಠ ಹೇಳಲು ಇಲ್ಲ. ಅದು ತನ್ನ ಲೆಕ್ಕದಲ್ಲಿ ತಾನಿದೆ. ಚಾತಕವನ್ನು ಭಕ್ತನೆಂದು ಮೆರೆಸಿದ್ದೂ ಒಂದು ಬಗೆಯಲ್ಲಿ ಅದನ್ನು ನೋಡದೆ ಹೋದದ್ದೇ. ಬಂಜರೆಂದವರು ಇಲ್ಲವೆಂದರು, ನಾವು ನಮಗೆ ಬೇಕಾದ್ದನ್ನು ಅದರ ಮೇಲೆ ಹೊದಿಸಿದೆವು. ಎರಡರಲ್ಲೂ ಹಕ್ಕಿ ಕಾಣಲಿಲ್ಲ. ಇದ್ದದ್ದನ್ನು ಇದ್ದಂತೆ ಕಂಡು, ಅದು ನಮ್ಮ ಇಷ್ಟದಂತೆ ಇಲ್ಲದಿದ್ದರೂ ಅದಕ್ಕೆ ಬದುಕುವ ಹಕ್ಕಿದೆಯೆಂದು ಒಪ್ಪುವುದು ಭಾವುಕತೆಗಿಂತ ಕಠಿಣವಾದ ಸಾಧನೆ. ತೋಳ ಬರುತ್ತದೆಂದು ಗೊತ್ತಿದ್ದೂ ಬಯಲನ್ನು ಬಿಡದ ಕುರುಬರು, ಧನಗರರು ಈ ಸಾಧನೆಯನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ.

ಕೊನೆಯ ಆಕ್ಷೇಪ ಶರಣಧರ್ಮದ ಒಳಗಿನದು. ಗಿಡ, ಕಲ್ಲು, ನದಿಗಳನ್ನು ದೇವರೆಂದು ಪೂಜಿಸುವುದನ್ನು ಬಿಡಿಸಿ, ಅಂಗೈಯ ಇಷ್ಟಲಿಂಗದ ಕಡೆಗೆ, ಒಳಗಿನ ಅರಿವಿನ ಕಡೆಗೆ ಜನರನ್ನು ತಿರುಗಿಸಿದವರು ಶರಣರು. ಅವರ ಬಯಲೆಂಬ ಮಾತನ್ನು ಹಿಡಿದು ಮತ್ತೆ ಹುಲ್ಲು ಹಕ್ಕಿಗಳ ಪೂಜೆಗೆ ಮರಳುವುದು ಅವರಿಗೇ ಎರಡು ಬಗೆದಂತಲ್ಲವೇ? ಪೂಜೆಯನ್ನು ಇಲ್ಲಿ ಯಾರೂ ಕೇಳುತ್ತಿಲ್ಲ. ಶರಣರು ನಿರಾಕರಿಸಿದ್ದು ಭಯದ ಮತ್ತು ಲಾಭದ ಪೂಜೆಯನ್ನು. ಸಕಲ ಜೀವಗಳ ಮೇಲಿನ ದಯೆಯನ್ನು ಅವರು ಧರ್ಮದ ಬುಡಕ್ಕೇ ಇಟ್ಟರು. ದಯೆ ಹುಟ್ಟಬೇಕಾದರೆ ಜೀವ ಅಲ್ಲಿದೆಯೆಂದು ಮೊದಲು ಕಾಣಬೇಕು. ಕಾಣದ ಜೀವಕ್ಕೆ ದಯೆ ತೋರಿದವರಿಲ್ಲ. ಅವರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದದ್ದೂ ಇಲ್ಲಿ ನೆನಪಾಗಬೇಕು. ಅವರ ಜಂಗಮ ಅರಿವುಳ್ಳ ಜೀವಂತ ಚೈತನ್ಯ. ಹಕ್ಕಿಯನ್ನು ಅದಕ್ಕೆ ಸಮವೆಂದು ಹೇಳಬೇಕಿಲ್ಲ. ಆದರೆ ನಿಂತದ್ದನ್ನು, ಕಟ್ಟಿದ್ದನ್ನು, ಎತ್ತರವಾದದ್ದನ್ನು ಮಾತ್ರ ಬೆಲೆಯುಳ್ಳದ್ದೆನ್ನುವ ಬುದ್ಧಿಯನ್ನು ಅವರು ಪ್ರಶ್ನಿಸಿದ್ದು ನಿಜವಲ್ಲವೇ? ನೆಲವನ್ನು ಅಳೆಯುವಾಗ ಮರವಿದೆಯೇ, ಕಟ್ಟಡವಿದೆಯೇ, ಗಾಳಿಯಂತ್ರವಿದೆಯೇ ಎಂದಷ್ಟೇ ಕೇಳುವ ನಮ್ಮ ಲೆಕ್ಕ ಸ್ಥಾವರದ ಲೆಕ್ಕ. ಬಯಲಿನಲ್ಲಿರುವುದೆಲ್ಲ ಚಲಿಸುವಂಥದು: ಮಳೆಯನ್ನು ಹಿಂಬಾಲಿಸುವ ಹಕ್ಕಿ, ಹೂವನ್ನು ಅರಸುವ ಚಿಟ್ಟೆ, ಮೇವನ್ನು ಅರಸುವ ಹಿಂಡು. ಆ ಹಿಂಡಿನವರ ದೇವರುಗಳಾದ ಆರೇವಾಡಿಯ ಬಿರೋಬ, ಹುಲಜಂತಿಯ ಮಾಳಿಂಗರಾಯ ಈ ಸೀಮೆಯ ಮಾಳದಲ್ಲೇ ನೆಲೆ ನಿಂತವರು, ಕುರಿಗಾಹಿಗಳ ಡೊಳ್ಳಿಗೆ ಒಲಿದವರು. ಒಂದು ಪರಂಪರೆ ಬಯಲಿನಲ್ಲಿ ದೇವರನ್ನು ಕಂಡಿತು, ಇನ್ನೊಂದು ದೇವರನ್ನೇ ಬಯಲೆಂದಿತು. ಪೂಜೆಯ ವಿಷಯದಲ್ಲಿ ಎರಡೂ ಬೇರೆಯಾದರೂ ಬಯಲನ್ನು ಬಂಜರೆಂದು ಎರಡೂ ಹೇಳಲಿಲ್ಲ. ಆ ಮಾತು ನಮಗೆ ಬಂದದ್ದು ಕಂದಾಯದ ಲೆಕ್ಕದಿಂದ, ಧರ್ಮದಿಂದಲ್ಲ.

ಹೀಗೆ ನೋಡಿದರೆ ಬರಿದೆನ್ನುವುದು ನೆಲದ ಗುಣವಲ್ಲ, ಅರ್ಧಕ್ಕೆ ಬಿಟ್ಟ ನೋಟದ ಹೆಸರು. ಅರ್ಧ ನೋಟದಿಂದ ಪೂರ್ಣ ತೀರ್ಪು ಕೊಡುವುದು ಅನ್ಯಾಯ. ಮಾತಿಲ್ಲದವರ ಮೇಲೆ ಕೊಟ್ಟ ತೀರ್ಪಾದರೆ ಇನ್ನೂ ದೊಡ್ಡ ಅನ್ಯಾಯ. ಆದ್ದರಿಂದ ನೆಲಕ್ಕೆ ನಾವು ಸಲ್ಲಿಸಬೇಕಾದ ಮೊದಲ ಕರ್ತವ್ಯ ಅದನ್ನು ತಾಳ್ಮೆಯಿಂದ ನೋಡುವುದು. ಉಳಿದ ಕರ್ತವ್ಯಗಳೆಲ್ಲ ಅದರ ನಂತರದವು. ಇದಕ್ಕೆ ದೊಡ್ಡ ಸಿದ್ಧತೆ ಬೇಕಿಲ್ಲ. ಜತ್ತದ ಕನ್ನಡ ಶಾಲೆಗಳ ಮಕ್ಕಳನ್ನು ವರ್ಷಕ್ಕೆ ಒಂದು ಬೇಸಿಗೆಯ ಮುಂಜಾನೆ ತಮ್ಮೂರಿನ ಗಾಯರಾಣಕ್ಕೆ ಕರೆದೊಯ್ದು, ಮೊಟ್ಟೆಯಿದ್ದಲ್ಲಿಂದ ದೂರ ನಿಲ್ಲಿಸಿ, ಕಂಡದ್ದನ್ನೆಲ್ಲ ಬರೆಯಿಸಬಹುದು. ಗುಡ್ಡಾಪುರಕ್ಕೆ ನಡೆದು ಬರುವ ಭಕ್ತರು ದಾರಿಯ ಎರಡೂ ಬದಿಯ ಮಾಳವನ್ನು ಗುಡಿಯ ಅಂಗಳವೆಂದು ತಿಳಿದು ಕಣ್ಣು ಹಾಯಿಸಬಹುದು. ಗ್ರಾಮಸಭೆಗಳು ಮಡ್ಡಿಯನ್ನು ಯಾವುದಾದರೂ ಯೋಜನೆಗೆ ಬಿಟ್ಟುಕೊಡುವ ಮುನ್ನ ಅಲ್ಲಿ ಯಾರಿದ್ದಾರೆಂದು ಕುರಿಗಾಹಿಯನ್ನು ಕೇಳಬಹುದು. ಉತಾರದ ಕಾಲಮಿನಲ್ಲಿ ಪಡ ಎಂದು ಬರೆಯುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರು ಮೇ ತಿಂಗಳಲ್ಲಿ ಒಂದು ತಾಸು ಆ ನೆಲದ ಮೇಲೆ ಸುಮ್ಮನೆ ನಿಲ್ಲಲಿ, ಬರೆಯುವುದನ್ನು ಆಮೇಲೆ ಬರೆಯಲಿ. ಕನ್ನಡ ತನ್ನ ಅತಿ ದೊಡ್ಡ ಸತ್ಯಕ್ಕೆ ಇಟ್ಟ ಹೆಸರು ಬಯಲು. ಆ ಹೆಸರಿನ ನೆಲವನ್ನು ಬಂಜರೆಂದು ಕರೆಯುವುದನ್ನು ಇನ್ನಾದರೂ ನಿಲ್ಲಿಸೋಣ.